ಕೈಜಾರಿ ಬಿದ್ದ ಕ್ಯಾಮೆರಾ: ರಿಪೇರಿಗೆ ಕೊಡುವ ಮೊದಲು ಏನೇನು ನೋಡಬೇಕು?

ಪ್ರಶ್ನೆ

ನಮಸ್ಕಾರ. ಹೋದ ಭಾನುವಾರ ಹಂಪಿಯ ಮಾತಂಗ ಬೆಟ್ಟದಲ್ಲಿ ಸೂರ್ಯೋದಯ ನೋಡಿಕೊಂಡು ಇಳಿಯುತ್ತಿದ್ದಾಗ ಹೆಗಲಿನಿಂದ ಬೆಲ್ಟ್ ಜಾರಿ, ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಸೊಂಟದ ಎತ್ತರದಿಂದ ಕಲ್ಲುಮೆಟ್ಟಿಲಿನ ಮೇಲೆ ಲೆನ್ಸ್ ಮುಂದಾಗಿ ಬಿದ್ದಿತು. ಅದರಲ್ಲಿದ್ದದ್ದು ಕ್ಯಾಮೆರಾದ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್. ಮುಂದಿನ ಯುವಿ ಫಿಲ್ಟರಿನ ಗಾಜು ಒಡೆದು, ಅದರ ಬಳೆ ಸೊಟ್ಟಗಾಗಿ ಕಚ್ಚಿಕೊಂಡಿದೆ. ಕ್ಯಾಮೆರಾ ಆನ್ ಆಗುತ್ತದೆ, ಕೆಲವು ಚಿತ್ರಗಳು ಸರಿಯಾಗಿಯೇ ಬರುತ್ತವೆ. ಆದರೆ ಇದ್ದಕ್ಕಿದ್ದಂತೆ ಲೆನ್ಸ್ ಮತ್ತು ಕ್ಯಾಮೆರಾದ ನಡುವಿನ ಸಂಪರ್ಕ ಸರಿಯಿಲ್ಲ ಎಂಬ ಸಂದೇಶ ಬಂದು ಎಲ್ಲವೂ ನಿಂತುಹೋಗುತ್ತದೆ. ಊರಿನ ಅಂಗಡಿಯವರು ಬಿಚ್ಚಿಯೂ ನೋಡದೆ ‘ಲೆನ್ಸೂ ಹೋಗಿದೆ, ಬೋರ್ಡೂ ಹೋಗಿದೆ’ ಎಂದು ಹೇಳಿ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಳ್ಳಬಹುದಾದಷ್ಟು ಹಣ ಕೇಳಿದರು. ಇದನ್ನು ನಂಬಬೇಕೇ? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಹಾಸನದ ಮದುವೆ ಛಾಯಾಗ್ರಾಹಕರೊಬ್ಬರು

ಸರ್, ಮೊದಲು ಮೆಮೊರಿ ಕಾರ್ಡನ್ನು ತೆಗೆದು ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮಧ್ಯೆ ಮಧ್ಯೆ ನಿಂತುಹೋಗುವ ಕ್ಯಾಮೆರಾ, ಕಾರ್ಡಿಗೆ ಬರೆಯುತ್ತಿರುವಾಗಲೇ ನಿಂತರೆ ಹಂಪಿಯ ಚಿತ್ರಗಳೂ ಕೈಬಿಟ್ಟಾವು. ಬ್ಯಾಟರಿಯನ್ನೂ ಹೊರಗೆ ತೆಗೆದಿಡಿ. ಸರಿಯಾಯಿತೇ ನೋಡೋಣ ಎಂದು ಹತ್ತು ಬಾರಿ ಆನ್ ಮಾಡುವುದರಿಂದ ಲಾಭವಿಲ್ಲ.

ಫಿಲ್ಟರಿನ ವಿಷಯದಲ್ಲಿ ಅವಸರ ಬೇಡ. ಲೆನ್ಸನ್ನು ಕೆಳಮುಖವಾಗಿ ಹಿಡಿದು, ಗಾಜಿನ ಚೂರುಗಳು ತಾವಾಗಿ ಉದುರುವಂತೆ ಮೆಲ್ಲಗೆ ತಟ್ಟಿ, ಉಳಿದ ಪುಡಿಯನ್ನು ರಬ್ಬರ್ ಬ್ಲೋವರಿನಿಂದ ಊದಿ. ಆ ಹಂತದಲ್ಲಿ ಬಟ್ಟೆಯಿಂದ ಒರೆಸಿದಿರೋ, ಬಿದ್ದಾಗ ಆಗದ ಗೀರು ಒರೆಸುವಾಗ ಆಗುತ್ತದೆ. ಕಚ್ಚಿಕೊಂಡ ಬಳೆಯನ್ನು ಎರಡು ಬೆರಳುಗಳ ನಡುವೆ ಒತ್ತಿ ಹಿಡಿದು ತಿರುಗಿಸಿದರೆ ಅದು ಇನ್ನಷ್ಟು ಮೊಟ್ಟೆಯಾಕಾರಕ್ಕೆ ತಿರುಗಿ ಮತ್ತಷ್ಟು ಬಿಗಿಯಾಗುತ್ತದೆ. ನಾನು ಮಾಡುವ ಉಪಾಯ ಕೇಳಿ ನಗಬೇಡಿ: ತೊಳೆದು ಒಣಗಿಸಿದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಮೇಜಿನ ಮೇಲಿಟ್ಟು, ಬಳೆಯ ಅಂಚು ಸುತ್ತಲೂ ಸಮವಾಗಿ ಕೂರುವಂತೆ ಲೆನ್ಸನ್ನು ಅದರ ಮೇಲೆ ನೇರವಾಗಿ ಒತ್ತಿ ಹಿಡಿದು ತಿರುಗಿಸುತ್ತೇನೆ. ಗಾಜು ಪೂರ್ತಿ ಹೋದ ಮೇಲಷ್ಟೇ ಇದನ್ನು ಮಾಡಬೇಕು.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ದೋಷ ಲೆನ್ಸಿನದೋ ಬಾಡಿಯದೋ ಎಂಬುದು ತೀರ್ಮಾನವಾಗದೆ ಯಾರ ಅಂದಾಜನ್ನೂ ಒಪ್ಪಬೇಡಿ. ಅದೇ ಮೌಂಟಿನ (ಲೆನ್ಸನ್ನು ಬಾಡಿಗೆ ಸಿಕ್ಕಿಸುವ ಬಳೆ) ಬೇರೊಂದು ಲೆನ್ಸನ್ನು ಪರಿಚಿತರಿಂದ ತಂದು ನಿಮ್ಮ ಬಾಡಿಗೆ ಹಾಕಿ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ನಿಮ್ಮ ಲೆನ್ಸನ್ನು ಅವರ ಬಾಡಿಗೆ ಹಾಕುವುದಾದರೆ ಮಾತ್ರ, ಮೊದಲು ಅದರ ಹಿಂಬದಿಯನ್ನು ಬೆಳಕಿನಲ್ಲಿ ಪರೀಕ್ಷಿಸಿ. ಇಂಥ ಅಗ್ಗದ ಲೆನ್ಸುಗಳಲ್ಲಿ ಹಲವಕ್ಕೆ ಹಿಂಬದಿಯ ಮೌಂಟ್ ಪ್ಲಾಸ್ಟಿಕ್ಕಿನದು. ಅದರ ಮೂರು ಹಲ್ಲುಗಳಲ್ಲಿ ಒಂದು ಬಿರುಕು ಬಿಟ್ಟರೂ ಲೆನ್ಸ್ ಕೂದಲೆಳೆಯಷ್ಟು ಕೆಳಗೆ ಜೋತು, ಚಿನ್ನದ ಬಣ್ಣದ ಸಂಪರ್ಕ ಬಿಂದುಗಳು ಒಂದನ್ನೊಂದು ಮುಟ್ಟದೆ ಹೋಗುತ್ತವೆ. ಅಂಥ ಮುರುಕು ಹಲ್ಲನ್ನು ಸ್ನೇಹಿತರ ಕ್ಯಾಮೆರಾಕ್ಕೆ ತುರುಕಿದರೆ ಸ್ನೇಹವೂ ಮುರಿದೀತು.

ಹಲ್ಲುಗಳು ಸರಿಯಿದ್ದರೆ ಆ ಬಿಂದುಗಳನ್ನು ಒಣ ಮೆದುಬಟ್ಟೆಯಿಂದ ಒರೆಸಿ ಎರಡು ಪರೀಕ್ಷೆಗಳನ್ನು ಮಾಡಿ. ಮೊದಲನೆಯದು, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಪೂರ್ತಿ ತೆರೆದಿಟ್ಟು ಹತ್ತು ಚಿತ್ರ, ಅದನ್ನು ಕಿರಿದಾಗಿಸಿ ಎಫ್ 11ಕ್ಕೆ ಇಳಿಸಿ ಹತ್ತು ಚಿತ್ರ ತೆಗೆಯಿರಿ. ಪೂರ್ತಿ ತೆರೆದಾಗ ಬಾರದ ಸಂದೇಶ ಎಫ್ 11ರಲ್ಲಿ ಮಾತ್ರ ಬಂದರೆ ಅಪರ್ಚರಿನ ಎಲೆಗಳು ಆಜ್ಞೆಗೆ ಓಗೊಡುತ್ತಿಲ್ಲವೆಂದು ಅರ್ಥ, ಏಕೆಂದರೆ ಪೂರ್ತಿ ತೆರೆದಾಗ ಅವು ಅಲುಗಬೇಕಾದ ಅಗತ್ಯವೇ ಇರುವುದಿಲ್ಲ. ಎರಡನೆಯದು, 18, 24, 35, 55 ಹೀಗೆ ಜೂಮಿನ ಒಂದೊಂದು ಸ್ಥಾನದಲ್ಲಿಯೂ ಇದನ್ನೇ ಮಾಡಿ. ಲೆನ್ಸಿನೊಳಗೆ ವಿದ್ಯುತ್ ಸಂಕೇತ ಒಯ್ಯುವ ತೆಳುವಾದ ಫ್ಲೆಕ್ಸ್ ಪಟ್ಟಿಯೊಂದು ಜೂಮ್ ತಿರುಗಿಸಿದಂತೆಲ್ಲ ಮಡಚಿ ಬಿಚ್ಚಿಕೊಳ್ಳುತ್ತದೆ; ಅದು ಹರಿದಿದ್ದರೆ ಕೆಲವು ಸ್ಥಾನಗಳಲ್ಲಿ ಎಲ್ಲವೂ ಸರಿ, ಕೆಲವುಗಳಲ್ಲಿ ಸಂದೇಶ. ನಿಮ್ಮ ವಿವರಣೆ ಓದಿದಾಗ ನನ್ನ ಸಂಶಯ ಇದರ ಮೇಲೆಯೇ ಇದೆ.

ಮೈಸೂರಿನಿಂದ, ಪಕ್ಷಿವೀಕ್ಷಣೆಯ ಹವ್ಯಾಸವಿರುವ ನಿವೃತ್ತ ಬ್ಯಾಂಕ್ ನೌಕರರು

ಮೇಲಿನವರು ಹೇಳಿದ್ದು ಸರಿ, ಆದರೆ ಸಂದೇಶ ಬಾರದೆಯೂ ಇರಬಹುದಾದ ದೋಷವೊಂದಿದೆ. ಅದರಿಂದಾಗಿಯೇ ನಾನು ಒಂದು ಲೆನ್ಸನ್ನು ಅನ್ಯಾಯವಾಗಿ ಮಾರಿದ್ದೇನೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಇಳಿಯುವಾಗ ನನ್ನ ಕ್ಯಾಮೆರಾ ಕಲ್ಲಿಗೆ ಬಡಿದಿತ್ತು. ಆಮೇಲೆ ತೆಗೆದ ಚಿತ್ರಗಳಲ್ಲೆಲ್ಲ ಹಕ್ಕಿಯ ಕಣ್ಣು ಮಸುಕು, ಅದರ ಹಿಂದಿನ ಕೊಂಬೆ ಸ್ಪಷ್ಟ. ಲೆನ್ಸೇ ಕೆಟ್ಟಿದೆಯೆಂದು ಅದನ್ನು ಕೊಟ್ಟು ಬೇರೆಯದನ್ನು ಕೊಂಡರೆ ಅದರಲ್ಲಿಯೂ ಕೊಂಬೆಯೇ ಸ್ಪಷ್ಟ! ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರಿನಿಂದ ನೋಡಿ ಫೋಕಸ್ ಮಾಡುವಾಗ, ದೊಡ್ಡ ಕನ್ನಡಿಯನ್ನು ಹಾಯ್ದು ಬಂದ ಒಂದಿಷ್ಟು ಬೆಳಕು ಅದರ ಬೆನ್ನಿಗಿರುವ ಪುಟ್ಟ ಕನ್ನಡಿಗೆ ಬಡಿದು, ಕೆಳಗೆ ತಳದಲ್ಲಿರುವ ಫೋಕಸ್ ಸೆನ್ಸರಿಗೆ ಇಳಿಯುತ್ತದೆ. ಪೆಟ್ಟಿಗೆ ಆ ಪುಟ್ಟ ಕನ್ನಡಿಯ ಕೋನ ತುಸು ಬದಲಾದರೂ ಕ್ಯಾಮೆರಾ ತಪ್ಪು ದೂರವನ್ನೇ ಸರಿಯೆಂದು ನಂಬುತ್ತದೆ. ಹಿಂಬದಿಯ ಪರದೆ ನೋಡಿ ಚಿತ್ರ ತೆಗೆಯುವ ಲೈವ್ ವ್ಯೂನಲ್ಲಿಯಾದರೋ ಕನ್ನಡಿ ಮೇಲಕ್ಕೆದ್ದು, ಚಿತ್ರ ಮೂಡುವ ಸೆನ್ಸರಿನ ಮೇಲೆಯೇ ಫೋಕಸ್ ನಿರ್ಧಾರವಾಗುತ್ತದೆ. ಆದ್ದರಿಂದ ಒಂದೇ ವಸ್ತುವನ್ನು ಟ್ರೈಪಾಡಿನ ಮೇಲಿಂದ ಎರಡೂ ರೀತಿಯಲ್ಲಿ ತೆಗೆದು ಹೋಲಿಸಿರಿ. ಲೈವ್ ವ್ಯೂ ಚಿತ್ರ ಸ್ಪಷ್ಟವಾಗಿದ್ದು ವ್ಯೂಫೈಂಡರಿನದು ಮಾತ್ರ ಮಸುಕಾಗಿದ್ದರೆ, ಅದೂ ಎರಡು ಬೇರೆ ಬೇರೆ ಲೆನ್ಸುಗಳಲ್ಲಿ ಹಾಗೆಯೇ ಆದರೆ, ಕೆಲಸವಿರುವುದು ಬಾಡಿಯಲ್ಲಿ.

ಲೆನ್ಸಿನೊಳಗಿನ ಗಾಜು ಓರೆಯಾಗಿದೆಯೇ ಎಂದು ತಿಳಿಯಲು ಗೋಡೆಗೆ ದಿನಪತ್ರಿಕೆಯ ಹಾಳೆಯನ್ನು ಚಪ್ಪಟೆಯಾಗಿ ಅಂಟಿಸಿ, ಅಪರ್ಚರನ್ನು ಪೂರ್ತಿ ತೆರೆದು ಚಿತ್ರ ತೆಗೆದು, ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಿ ನೋಡಿ. ಒಂದು ಬದಿ ಮಸುಕಾಗಿ ಕಂಡರೆ ತಕ್ಷಣ ಗಾಬರಿಯಾಗಬೇಡಿ, ಕ್ಯಾಮೆರಾವೇ ಗೋಡೆಗೆ ಓರೆಯಾಗಿ ನಿಂತಿರಬಹುದು. ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಗೋಡೆಗೆ ಅದೇ ನೇರದಲ್ಲಿ ಹಿಡಿದು ಮತ್ತೆ ತೆಗೆಯಿರಿ. ಮಸುಕು ಪತ್ರಿಕೆಯ ಅದೇ ಬದಿಯಲ್ಲಿ ಉಳಿದರೆ ತಪ್ಪು ನೀವು ನಿಲ್ಲಿಸಿದ ರೀತಿಯದು. ಪತ್ರಿಕೆಯ ಇನ್ನೊಂದು ಬದಿಗೆ ಹೋದರೆ ತಪ್ಪು ಕ್ಯಾಮೆರಾದ್ದು. ಇದನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ ನನ್ನ ಹಳೆಯ ಲೆನ್ಸ್ ಇನ್ನೂ ನನ್ನ ಬಳಿಯೇ ಇರುತ್ತಿತ್ತು.

ಉಡುಪಿಯ ಶಿಕ್ಷಕಿಯೊಬ್ಬರು

ನನ್ನದು ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ, ಆದರೂ ಹಂಚಿಕೊಳ್ಳುತ್ತೇನೆ. ಮಲ್ಪೆಯ ಕಡಲ ತೀರದಲ್ಲಿ ಲೆನ್ಸ್ ಹೊರಚಾಚಿದ್ದಾಗಲೇ ಮರಳಿಗೆ ಬಿದ್ದು, ‘ಲೆನ್ಸ್ ಎರರ್’ ಎಂದು ತೋರಿಸಿ ಅರ್ಧಕ್ಕೇ ಸಿಕ್ಕಿಕೊಂಡಿತು. ಒಂದರೊಳಗೊಂದು ಸೇರುವ ಕೊಳವೆಗಳ ಸಂದಿಯಲ್ಲಿ ಮರಳಿನ ಕಣವಿದ್ದರೂ ಮೋಟಾರು ಮುಂದೆ ದೂಡಲಾರದು. ಕೈಯಿಂದ ಒಳಗೆ ತಳ್ಳದೆ, ಕೆಳಮುಖವಾಗಿ ಹಿಡಿದು ಸಂದಿಗಳನ್ನು ಬ್ಲೋವರಿನಿಂದ ಊದಿ, ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಹಾಕಿ ಆನ್ ಮಾಡಿದಾಗ ಮೂರನೆಯ ಪ್ರಯತ್ನಕ್ಕೆ ಲೆನ್ಸ್ ಒಳಗೆ ಹೋಯಿತು.

ಅದೇ ಕ್ಯಾಮೆರಾ ಮತ್ತೊಮ್ಮೆ ಮನೆಯ ಟೈಲ್ಸಿನ ಮೇಲೆ ಬಿದ್ದು ಪೂರ್ತಿ ಸತ್ತೇಹೋಯಿತೆಂದುಕೊಂಡಿದ್ದೆ. ನೋಡಿದರೆ ಬ್ಯಾಟರಿ ಮುಚ್ಚಳದ ಅಂಚಿನಲ್ಲಿದ್ದ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಮೊಳೆ ಮುರಿದಿತ್ತು. ಮುಚ್ಚಳ ಮುಚ್ಚಿದೆಯೆಂದು ಕ್ಯಾಮೆರಾಕ್ಕೆ ತಿಳಿಸುವ ಸಣ್ಣ ಸ್ವಿಚ್ಚನ್ನು ಒತ್ತುವುದು ಅದೇ. ಮಡಚಿದ ಕಾಗದದ ತುಂಡನ್ನು ಅಲ್ಲಿಟ್ಟೆ, ಎದ್ದು ಕುಳಿತಿತು. ಒಂದು ಎಚ್ಚರಿಕೆ: ಫ್ಲ್ಯಾಶ್ ಇರುವ ಯಾವ ಕ್ಯಾಮೆರಾವನ್ನೂ ಮನೆಯಲ್ಲಿ ಬಿಚ್ಚಬೇಡಿ. ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಬ್ಯಾಟರಿ ತೆಗೆದ ಮೇಲೆಯೂ. ನನ್ನ ತಮ್ಮ ಸ್ಕ್ರೂಡ್ರೈವರ್ ಹಿಡಿದು ಕುಳಿತು, ಬೆರಳಿಗೆ ಸುಟ್ಟ ಗುರುತನ್ನು ಸಂಪಾದಿಸಿದ್ದಾನೆ.

ಬೆಂಗಳೂರಿನಲ್ಲಿ ಹಲವು ವರ್ಷ ಕ್ಯಾಮೆರಾ ರಿಪೇರಿ ಮಾಡಿದವರು

ಕ್ಯಾಮೆರಾ ಆನ್ ಆಗಿ, ಚಿತ್ರ ತೆಗೆದು, ಅದನ್ನು ಕಾರ್ಡಿಗೆ ಬರೆಯುತ್ತಿದೆ ಎಂದ ಮೇಲೆ, ಬಿಚ್ಚಿ ನೋಡದೆ ‘ಬೋರ್ಡ್ ಹೋಗಿದೆ’ ಎನ್ನುವುದು ನಮ್ಮ ಕಸುಬಿಗೆ ಶೋಭೆ ತರುವ ಮಾತಲ್ಲ. ಅಂದಾಜನ್ನು ಬರಹದಲ್ಲಿ ಕೇಳಿ, ಬದಲಾಯಿಸಿದ ಹಳೆಯ ಭಾಗಗಳನ್ನು ವಾಪಸು ಕೊಡಬೇಕೆಂದು ಮೊದಲೇ ಹೇಳಿ. ಬಿದ್ದು ಆದ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ, ಆ ಆಸೆ ಬೇಡ. ಲೆನ್ಸನ್ನು ಅಲುಗಿಸಿದಾಗ ಒಳಗೆ ಏನೋ ಕಟಕಟ ಎನ್ನುತ್ತದೆಂದು ಹೆದರಿ ಬರುವವರು ಬಹಳ. ಅಲುಗಾಟ ತಡೆಯುವ ವ್ಯವಸ್ಥೆಯುಳ್ಳ ಕೆಲವು ಲೆನ್ಸುಗಳಲ್ಲಿ ಆಫ್ ಆಗಿರುವಾಗ ಒಂದು ಗಾಜಿನ ಗುಂಪು ಸಡಿಲವಾಗಿಯೇ ಇರುವುದರಿಂದ ಸಣ್ಣ ಸದ್ದು ಸಹಜ. 18-55ರಂಥ ಲೆನ್ಸಿಗೆ ಫ್ಲೆಕ್ಸ್ ಬದಲಿಸುವುದು ಸಾಧ್ಯವಿದ್ದರೂ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚಾಗುತ್ತದೆ, ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವುದೇ ಮೇಲು. ನನ್ನ ವ್ಯಾಪಾರಕ್ಕೆ ನಷ್ಟವಾದರೂ ನಿಜ ಇದೇ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಚಪ್ಪಲಿಯ ಉಪಾಯಕ್ಕೆ ಮನೆಯವರು ನಕ್ಕರು, ಬಳೆ ಮಾತ್ರ ಬಿಚ್ಚಿಕೊಂಡಿತು. ಮುಂದಿನ ಗಾಜಿಗೆ ಗೀರಿಲ್ಲ. ಭಾವನವರ 50 ಮಿ.ಮೀ. ಲೆನ್ಸ್ ಹಾಕಿ ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದರೂ ಸಂದೇಶ ಬರಲಿಲ್ಲ, ಲೈವ್ ವ್ಯೂ ಮತ್ತು ವ್ಯೂಫೈಂಡರ್ ಚಿತ್ರಗಳಲ್ಲಿ ವ್ಯತ್ಯಾಸವಿರಲಿಲ್ಲ. ಬಾಡಿ ಕ್ಷೇಮವಾಗಿದೆ. ನನ್ನ ಲೆನ್ಸಿನ ಮೂರು ಹಲ್ಲುಗಳೂ ಗಟ್ಟಿಯಾಗಿವೆ, ಆದರೆ 35 ದಾಟಿದೊಡನೆ ಎಫ್ 11ರಲ್ಲಿ ಪ್ರತಿಬಾರಿಯೂ ಸಂದೇಶ ಬರುತ್ತದೆ, 24ರಲ್ಲಿ ಒಮ್ಮೆಯೂ ಇಲ್ಲ. ಪತ್ರಿಕೆಯ ಪರೀಕ್ಷೆಯಲ್ಲಿ ಬಲಬದಿ ಮಸುಕಾಗಿ ಕಂಡು ಎದೆ ಧಸಕ್ಕೆಂದಿತ್ತು; ತಲೆಕೆಳಗು ಮಾಡಿದಾಗಲೂ ಅದು ಪತ್ರಿಕೆಯ ಬಲಬದಿಯಲ್ಲಿಯೇ ಉಳಿಯಿತು, ನಾನು ಟ್ರೈಪಾಡನ್ನೇ ಓರೆಯಾಗಿ ನಿಲ್ಲಿಸಿದ್ದೆ. ಅಂಗಡಿಗೆ ಮತ್ತೆ ಹೋಗಲಿಲ್ಲ. ಸೆಕೆಂಡ್‌ಹ್ಯಾಂಡ್ ಲೆನ್ಸೊಂದನ್ನು ಇವೇ ಪರೀಕ್ಷೆಗಳನ್ನು ಮಾಡಿ ನೋಡಿ ಕೊಂಡೆ. ಹಳೆಯದರ ಜೂಮ್ ಬಳೆಯನ್ನು 24ಕ್ಕೆ ನಿಲ್ಲಿಸಿ ಸುತ್ತ ಟೇಪ್ ಹಚ್ಚಿದ್ದೇನೆ, ಈಗ ಅದು ಮಗಳ ಅಭ್ಯಾಸಕ್ಕೆ.