ಗಾಳಕ್ಕೆ ಸಿಕ್ಕಿದ ಹಲ್ಲಿನ ಮೀನು: ಇದು ಪಿರಾನ್ಹಾ ಅಲ್ವಾ?

ಗುರುಪುರದಿಂದ ಪ್ರಶ್ನೆ

ಭಾನುವಾರ ಫಲ್ಗುಣಿ ಹೊಳೆಯಲ್ಲಿ ಗಾಳ ಹಾಕಿದ್ದೆ. ಮೈದಾ ಉಂಡೆಗೆ ಒಂದೂಕಾಲು ಕಿಲೋದ ಮೀನು ಬಿತ್ತು. ಮಾಂಜಿಯ (ಪಾಂಫ್ರೆಟ್) ಹಾಗೆ ಅಗಲ, ಚಪ್ಪಟೆ. ಹೊಟ್ಟೆ ಸ್ವಲ್ಪ ಕೆಂಪು. ಬಾಯಿ ತೆರೆದರೆ ಹಲ್ಲು! ಜೊತೆಗಿದ್ದವರು ಪಿರಾನ್ಹಾ ಅಂದರು, ಇನ್ನು ಹೊಳೆಗೆ ಇಳಿಯಲೇಬೇಡ ಅಂತ ಹೆದರಿಸಿದರು. ಈಗ ಐಸಿನಲ್ಲಿಟ್ಟಿದ್ದೇನೆ. ಯಾರಿಗಾದರೂ ಇಂಥದ್ದು ಸಿಕ್ಕಿದೆಯಾ? ತಿನ್ನಬಹುದಾ?

ಹಿರಿಯಡ್ಕದಿಂದ

ಹೆದರಬೇಡಿ ಮಾರಾಯ್ರೆ. ಎರಡು ವರ್ಷದ ಹಿಂದೆ ಸ್ವರ್ಣಾ ಹೊಳೆಯಲ್ಲಿ ನನಗೂ ಇಂಥದ್ದೇ ಸಿಕ್ಕಿತ್ತು. ನೀವು ಮೀನನ್ನು ಇಡಿಯಾಗಿ ಇಟ್ಟಿದ್ದೀರಿ, ಅದೇ ದೊಡ್ಡದು. ನಾನು ಸೀದಾ ಅಡುಗೆಮನೆಗೆ ಕೊಟ್ಟೆ. ಅಮ್ಮ ರೆಕ್ಕೆ, ಬಾಲ ಎಲ್ಲ ತೆಗೆದು ತುಂಡು ಮಾಡಿದ ಮೇಲೆ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದೆ. ಒಬ್ಬ ಕಾಟ್ಲಾ ಅಂದ, ಇನ್ನೊಬ್ಬ ತಿಲಾಪಿಯಾ ಅಂದ, ಮತ್ತೊಬ್ಬ ಗಸಿಗೆ ಹುಣಸೆ ಜಾಸ್ತಿ ಹಾಕು ಅಂದ. ಕೊನೆಗೆ ಹಿತ್ತಿಲಲ್ಲಿ ಬೆಕ್ಕಿನ ಬಾಯಿಂದ ತಲೆ ಬಿಡಿಸಿಕೊಂಡು, ತೊಳೆದು ನೋಡಿದೆ. ಥೇಟ್ ಅಜ್ಜನ ಹಲ್ಲಿನ ಸೆಟ್! ಚೌಕ, ಮೊಂಡು, ಮೇಲೆ ಎರಡು ಸಾಲು.

ಅದೇ ಗುರುತು. ಪಿರಾನ್ಹಾದ ಹಲ್ಲು ತ್ರಿಕೋನ, ಗರಗಸದ ಹಾಗೆ ಒಂದೇ ಸಾಲು. ಮೊಂಡಾಗಿದ್ದರೆ ಅದು ಪಾಕು. ಮಾರ್ಕೆಟಿನಲ್ಲಿ ರೂಪಚಂದ್ ಅಂತ ಮಾರುವುದು ಇದನ್ನೇ. ಎರಡೂ ದಕ್ಷಿಣ ಅಮೆರಿಕದವು, ನೆಂಟರೇ. ಆದರೆ ಪಾಕು ನೀರಿಗೆ ಬಿದ್ದ ಹಣ್ಣು, ಬೀಜ ಒಡೆದು ತಿನ್ನುವ ಜಾತಿ, ಅದಕ್ಕೇ ಆ ದವಡೆ. ನಿಮ್ಮ ಮೈದಾ ಉಂಡೆಗೆ ಬಾರದೆ ಇರುತ್ತದಾ?

ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಬೆರಳಾಡಿಸಿ. ಮುಳ್ಳೇ ಇಲ್ಲದ, ಮಾಂಸದ ಚೂರಿನಂಥ ಪುಟ್ಟ ರೆಕ್ಕೆಯೊಂದು ಸಿಗಬೇಕು. ಮಾಂಜಿಗೆ ಅದಿಲ್ಲ, ಕಾಟ್ಲಾ ರೋಹುಗಳಿಗೂ ಇಲ್ಲ. ಬಣ್ಣವನ್ನು ಮಾತ್ರ ನಂಬಬೇಡಿ. ಪಾಕುವಿನ ಮರಿಗೆ ಹೊಟ್ಟೆ ಕಡುಕೆಂಪು, ಬೆಳೆದಂತೆ ಮಾಸುತ್ತದೆ.

ಆಮೇಲೂ ಅನುಮಾನ ಇದ್ದರೆ ರೆಕ್ಕೆ ಬಿಡಿಸಿ ಪಕ್ಕದಿಂದ ಒಂದು ಫೋಟೋ, ಬಾಯಿ ತೆರೆದು ಒಂದು ಫೋಟೋ ತೆಗೀರಿ. ಮಂಗಳೂರು ಎಕ್ಕೂರಿನ ಮೀನುಗಾರಿಕಾ ಕಾಲೇಜು ನಿಮಗೆ ದೂರವಲ್ಲ. 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲ ಮೀನುಗಾರಿಕಾ ಕಾಲೇಜು ಅದು. ಅಲ್ಲಿ ತೋರಿಸಿ.

ತಾಜಾ ಇದ್ದರೆ ಧಾರಾಳವಾಗಿ ತಿನ್ನಿ. ಇನ್ನೊಮ್ಮೆ ಜೀವಂತ ಸಿಕ್ಕರೂ ಪಾಪ ಅಂತ ಹೊಳೆಗೆ ಬಿಡಬೇಡಿ, ಅದು ನಮ್ಮ ಹೊಳೆಯದ್ದಲ್ಲ. ಎಲ್ಲೋ ಕೆರೆಯಲ್ಲಿ ಸಾಕಿದ್ದು ಮಳೆಗೆ ಕಟ್ಟೆ ದಾಟಿರಬೇಕು. ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ ಅರಪೈಮಾ ಅನ್ನುವ ಹೊರದೇಶದ ದೈತ್ಯ ಮೀನು ಕೂಡ ಬಲೆಗೆ ಬಿದ್ದಿತ್ತು.

ಮೂಲ್ಕಿಯಿಂದ

ಹಲ್ಲು ನೋಡಿ ಗೊತ್ತಾಗದ ಮೀನೂ ಇದೆ. ಶಾಂಭವಿಯಲ್ಲಿ ಹಿಡಿದದ್ದನ್ನು ಕರಿಮೀನು ಅಂತ ಅತ್ತೆ ಮನೆಗೆ ಕೊಟ್ಟು ಮರ್ಯಾದೆ ಕಳಕೊಂಡವನು ನಾನು. ಅದು ತಿಲಾಪಿಯಾ. ಹೊಟ್ಟೆಯ ಹಿಂದೆ, ಬಾಲದ ಕಡೆಗಿರುವ ರೆಕ್ಕೆ ಬಿಡಿಸಿ ಮುಳ್ಳು ಎಣಿಸಿ. ತಿಲಾಪಿಯಾಕ್ಕೆ 3, ಕರಿಮೀನಿಗೆ 12 ಅಥವಾ 13. ಬೆರಳು ಜೋಪಾನ.

ಕಾರ್ಕಳದಿಂದ

ಮುಗುಡು (ಮೀಸೆ ಇರುವ ಕ್ಯಾಟ್‌ಫಿಶ್) ಹಿಡಿಯುವವರಿಗೂ ಒಂದು ಮಾತು. ಮೊದಲ ಮಳೆಗೆ ಗದ್ದೆಗೆ ಹತ್ತುವ ನಮ್ಮ ಮುಗುಡು ಒಂದು ಮೊಳ ದಾಟುವುದಿಲ್ಲ. ತೋಳುದ್ದದ್ದು ಸಿಕ್ಕರೆ ಆಫ್ರಿಕನ್ ಮುಗುಡು ಇರಬಹುದು. ಅದನ್ನು ಸಾಕುವುದಕ್ಕೇ ನಮ್ಮ ದೇಶದಲ್ಲಿ ನಿಷೇಧ ಇದೆ. ಅದನ್ನೂ ವಾಪಸ್ ಬಿಡಬೇಡಿ.

ಗುರುಪುರದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಪೆನ್ಸಿಲ್ ಇಟ್ಟು ಬಾಯಿ ತೆರೆದೆ. ಹಲ್ಲು ಮೊಂಡು, ಮೇಲೆ ಎರಡು ಸಾಲು. ಬಾಲದ ಹತ್ತಿರದ ಪುಟ್ಟ ರೆಕ್ಕೆಯೂ ಸಿಕ್ಕಿತು. ರಾತ್ರಿ ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದೆವು. ಮುಳ್ಳು ಪರವಾಗಿಲ್ಲ, ಮಾಂಜಿಯ ರುಚಿ ಮಾತ್ರ ಇಲ್ಲ. ಅಂದ ಹಾಗೆ, ಮೇಲಿನ ತೋಟದವರ ಕೆರೆಯ ಕಟ್ಟೆ ಜುಲೈನಲ್ಲಿ ಒಡೆದಿತ್ತಂತೆ. ಎಷ್ಟು ಮರಿ ಬಿಟ್ಟಿದ್ದಿರಿ ಅಂತ ಕೇಳಿದೆ. ಐನೂರು ಅಂದರು.