ಅಪ್ಪನ 31 ವರ್ಷದ ಫೈರ್ ಸರ್ವಿಸ್ ನೆನಪುಗಳನ್ನು ಹೇಗೆ ಉಳಿಸಿಕೊಳ್ಳಲಿ?

ಕೇಳಿದವರು: ಮಗಳು_71

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ 31 ವರ್ಷ ಫೈರ್ ಸರ್ವಿಸ್‌ನಲ್ಲಿದ್ದವರು. ಫೈರ್‌ಮ್ಯಾನ್ ಆಗಿ ಸೇರಿ ಸ್ಟೇಷನ್ ಆಫೀಸರ್ ಆಗಿ ರಿಟೈರ್ ಆದರು. ಈಗ 71 ವರ್ಷ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿಯಾಗಿದೆ.

ನಾವು ಚಿಕ್ಕವರಿದ್ದಾಗ ಅವರು ಡ್ಯೂಟಿ ಮುಗಿಸಿ ಬಂದರೆ ಸ್ನಾನ ಮಾಡಿ ಮಲಗಿಬಿಡುತ್ತಿದ್ದರು. ಏನಾಯ್ತು ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇವತ್ತಿಗೂ ರಾತ್ರಿ ಮಲಗುವಾಗ ಚಪ್ಪಲಿಯನ್ನು ಮಂಚದ ಪಕ್ಕ ತುದಿ ಬಾಗಿಲ ಕಡೆ ಇರುವ ಹಾಗೆ ಜೋಡಿಸಿಡುತ್ತಾರೆ. ಎದ್ದ ತಕ್ಷಣ ಕಾಲು ತೂರಿಸಿ ಓಡಬೇಕು, ಅದಕ್ಕೆ.

ಕಳೆದ ತಿಂಗಳು ಅವರ ಜೊತೆ ಒಂದೇ ಗಾಡಿಯಲ್ಲಿ ಸುಮಾರು ಇಪ್ಪತ್ತು ವರ್ಷ ಕೆಲಸ ಮಾಡಿದ್ದ ಡ್ರೈವರ್ ಅಂಕಲ್ ತೀರಿಕೊಂಡರು. ಮಣ್ಣು ಮುಗಿಸಿ ವಾಪಸ್ ಬರುವಾಗ ಅಪ್ಪ ಕಾರಿನ ಕಿಟಕಿ ಕಡೆ ನೋಡುತ್ತಾ, "ಆ ಗೋಡೌನ್ ಬೆಂಕಿ ದಿನ ಏನಾಯ್ತು ಅಂತ ಈಗ ನನ್ನೊಬ್ಬನಿಗೇ ಗೊತ್ತು" ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಮಾರನೇ ದಿನವೇ ಮೊಬೈಲ್ ಇಟ್ಟು "ಅಪ್ಪಾ, ನಿಮ್ಮ ಅನುಭವ ಹೇಳಿ" ಅಂದೆ. ಅವರು ನೆಟ್ಟಗೆ ಕೂತು, "ಕಾಲ್ ಬಂತು, ಎರಡು ಗಾಡಿ ಹೋದೆವು, ಬೆಂಕಿ ಹತೋಟಿಗೆ ಬಂತು, ವಾಪಸ್ ಬಂದೆವು" ಅಂತ ಮುಗಿಸಿಬಿಟ್ಟರು. ನಾಲ್ಕು ನಿಮಿಷ.

ಒಂದು ಟ್ರಂಕ್ ತುಂಬ ಸಾಮಾನೂ ಇದೆ. ಹೆಲ್ಮೆಟ್, ಬೆಲ್ಟ್, ಅಂಟಿನ ಆಲ್ಬಮ್‌ನಲ್ಲಿ ಫೋಟೋಗಳು, ಬೀಳ್ಕೊಡುಗೆ ದಿನದ ಕ್ಯಾಸೆಟ್, ಅವರೇ ಬರೆದುಕೊಂಡಿದ್ದ ಎರಡು ಡೈರಿ. ಎಲ್ಲಿಂದ ಶುರು ಮಾಡಲಿ? ಯಾರಾದರೂ ಇಂಥದ್ದು ಮಾಡಿದ್ದರೆ ದಯವಿಟ್ಟು ಹೇಳಿ.

ಉತ್ತರ: ಕೇಳುಕಿವಿ

ನಾನು ನಮ್ಮ ದೊಡ್ಡಪ್ಪನದು ರೆಕಾರ್ಡ್ ಮಾಡಿದ್ದೇನೆ. ಅವರೂ ಇದೇ ಕೆಲಸದಲ್ಲಿದ್ದವರು. ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. "ಅನುಭವ ಹೇಳಿ" ಅಂದರೆ ಯಾರಿಗೂ ಹೇಳೋಕೆ ಆಗಲ್ಲ, ಅಷ್ಟು ದೊಡ್ಡ ಪ್ರಶ್ನೆ ಅದು.

ಆ ಹೆಲ್ಮೆಟ್ ತೆಗೆದು ಅವರ ಕೈಗೆ ಕೊಡಿ. ಏನೂ ಕೇಳಬೇಡಿ. ಅವರು ಅದನ್ನು ತಿರುಗಿಸಿ ನೋಡುತ್ತಾರಲ್ಲ, ಅಲ್ಲಿಂದ ಮಾತು ಶುರುವಾಗುತ್ತದೆ. ಆಮೇಲೆ ಸಣ್ಣ ಸಣ್ಣದು ಕೇಳಿ. ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು? ಬೆಲ್ ಹೊಡೆದಾಗ ಮೊದಲು ಕೈ ಹೋಗುತ್ತಿದ್ದದ್ದು ಯಾವುದಕ್ಕೆ? ಹೊಗೆಯೊಳಗೆ ಏನೂ ಕಾಣದಿದ್ದಾಗ ದಾರಿ ಹೇಗೆ ಹಿಡಿಯುತ್ತಿದ್ದಿರಿ? ನಮ್ಮ ದೊಡ್ಡಪ್ಪ ಈ ಕೊನೇ ಪ್ರಶ್ನೆಗೆ ಎದ್ದು ನಿಂತು, ಕಣ್ಣು ಮುಚ್ಚಿಕೊಂಡು, ಕೈಯ ಹಿಂಬದಿಯಿಂದ ಗೋಡೆ ಸವರುತ್ತಾ ರೂಮಿನ ಸುತ್ತ ನಡೆದು ತೋರಿಸಿದರು. ಯಾಕೆ ಹಿಂಬದಿ ಅಂದರೆ, ಕರೆಂಟಿನ ವೈರ್ ತಗುಲಿದರೆ ಬೆರಳುಗಳು ತಾವಾಗೇ ಮಡಚಿಕೊಳ್ಳುತ್ತವೆ, ಅಂಗೈಯಿಂದ ಮುಟ್ಟಿದ್ದರೆ ವೈರನ್ನೇ ಹಿಡಿದುಬಿಡುತ್ತದೆ ಕೈ. ಆ ನಡಿಗೆ ಆಡಿಯೋದಲ್ಲಿ ಸಿಗಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ, ಹಾಗಾಗಿ ಆದರೆ ವಿಡಿಯೋನೂ ಮಾಡಿ.

ಇನ್ನೊಂದು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಹತ್ತು ಸೆಕೆಂಡ್ ಮೌನ ತುಂಬಾ ಉದ್ದ ಅನ್ನಿಸುತ್ತದೆ, ತಡೆದುಕೊಳ್ಳಿ. ನಿಜವಾದ ಮಾತು ಬರುವುದು ಅದಾದ ಮೇಲೇ.

ಉತ್ತರ: ಹಳೇ_ಫೈರ್‌ಮ್ಯಾನ್

ಅಮ್ಮಾ, ನಾನು 28 ವರ್ಷ ಇದೇ ಕೆಲಸ ಮಾಡಿದವನು. ನಿಮ್ಮಪ್ಪ ರಿಪೋರ್ಟ್ ಥರ ಹೇಳಿದ್ದು ತಪ್ಪಲ್ಲ, ನಮಗೆ ಕಲಿಸಿದ್ದೇ ಹಾಗೆ. ಕಾಲ್ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೊರಟೆವು, ಎಷ್ಟು ಹೋಸ್ ಹಾಕಿದೆವು, ಎಷ್ಟೊತ್ತಿಗೆ ವಾಪಸ್. ಸ್ಟೇಷನ್ ಪುಸ್ತಕದಲ್ಲಿ ಇರುವುದು ಅಷ್ಟೇ. ಮೆಟ್ಟಿಲ ಮೇಲೆ ಯಾರ ಕಾಲು ನಡುಗಿತು, ಯಾರು ಯಾರ ಬೆಲ್ಟ್ ಹಿಡಿದುಕೊಂಡು ಒಳಗೆ ಹೋದರು, ಅದಕ್ಕೆಲ್ಲ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಅಷ್ಟು ಪುಸ್ತಕವೂ ಎಲ್ಲ ಕಡೆ ಉಳಿದಿಲ್ಲ. ನಾನಿದ್ದ ಒಂದು ಸ್ಟೇಷನ್‌ನಲ್ಲಿ ಕಟ್ಟಡ ಬದಲಾಯಿಸುವಾಗ ಹಳೇ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿಬಿಟ್ಟರು. ನಾನೇ ನಿಂತು ನೋಡಿದೆ, ಆಗ ನನಗೂ ಅದರ ಬೆಲೆ ಗೊತ್ತಿರಲಿಲ್ಲ. ಈಗ ಅದನ್ನು ನೆನೆದರೆ ಸಂಕಟ ಆಗುತ್ತದೆ.

ಬರೀ ದೊಡ್ಡ ಬೆಂಕಿಗಳನ್ನೇ ಕೇಳಬೇಡಿ. ನಮ್ಮ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಕಾಯುವುದರಲ್ಲಿ. ಬೆಳಿಗ್ಗೆ ಶಿಫ್ಟ್ ಬದಲಾದಾಗ ಗಾಡಿ ಚೆಕ್ ಮಾಡುವುದು, ಡ್ರಿಲ್, ಹೋಸ್ ತೊಳೆದು ಒಣಗಿಸುವುದು, ರಾತ್ರಿ ಎರಡಕ್ಕೆ ಸುಳ್ಳು ಕಾಲ್. ಯಾರು ಗೊರಕೆ ಹೊಡೆಯುತ್ತಿದ್ದರು ಅಂತ ಕೇಳಿ. ಸ್ಟೇಷನ್ ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ.

ಸಾಧ್ಯವಾದರೆ ಅವರ ಬ್ಯಾಚಿನವರು ಒಬ್ಬರನ್ನು ಕರೆಸಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಒಬ್ಬ "ಉತ್ತರದ ಗೇಟಿನಿಂದ ಹೋದೆವು" ಅಂದರೆ ಇನ್ನೊಬ್ಬ "ಇಲ್ಲ ಕಣೋ, ಗೋಡೆ ಒಡೆದು ಹೋದೆವು" ಅಂತಾನೆ. ಆ ಜಗಳದಲ್ಲಿ ಸತ್ಯ ಹೊರಗೆ ಬರುತ್ತದೆ.

ಡೈರಿ ಬಗ್ಗೆ ಒಂದು ಮಾತು, ಇದನ್ನು ಗಂಭೀರವಾಗಿ ತಗೊಳ್ಳಿ. ನಮ್ಮ ಕಾಲದಲ್ಲಿ ಬಿ.ಎ. ಸೆಟ್, ಅಂದರೆ ಹೊಗೆಯಲ್ಲಿ ಉಸಿರಾಡಲು ಹಾಕಿಕೊಳ್ಳುವ ಗಾಳಿ ಸಿಲಿಂಡರ್ ಮತ್ತು ಮಾಸ್ಕ್, ಎಲ್ಲರಿಗೂ ಸಾಲುತ್ತಿರಲಿಲ್ಲ, ಇದ್ದರೂ ಬೆಂಕಿ ಆರಿದ ಮೇಲೆ ತೆಗೆದಿಟ್ಟು ಬರಿಮುಖದಲ್ಲಿ ಬೂದಿ ಕೆದಕುತ್ತಿದ್ದೆವು. ಮಸಿ ಹಿಡಿದ ಬಟ್ಟೆ ಅಂದರೆ ಹೆಮ್ಮೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫೈರ್‌ಮ್ಯಾನ್ ಕೆಲಸವನ್ನೇ ತನ್ನ ಪಟ್ಟಿಯ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಹಾಗಾಗಿ ಯಾವ ವರ್ಷ ಯಾವ ಬೆಂಕಿಗೆ ಹೋಗಿದ್ದರು, ಅಲ್ಲಿ ಉರಿದದ್ದು ಪ್ಲಾಸ್ಟಿಕ್ಕೋ, ರಾಸಾಯನಿಕವೋ, ಆಸ್ಬೆಸ್ಟಾಸ್ ಇತ್ತೋ, ಇದನ್ನೆಲ್ಲ ಡೈರಿ ನೋಡಿ ಒಂದು ಕಡೆ ಬರೆದಿಡಿ. ಡಾಕ್ಟರಿಗೂ ಬೇಕಾಗಬಹುದು.

ಕೊನೆಯದಾಗಿ, ಕೆಲವು ಕಾಲ್‌ಗಳಿರುತ್ತವೆ, ಮಕ್ಕಳು ಸಿಕ್ಕಿಕೊಂಡಿದ್ದಂಥವು. ಅಪ್ಪ ಅಲ್ಲಿ ನಿಲ್ಲಿಸಿದರೆ ನಿಲ್ಲಿಸಲಿ. ಒತ್ತಾಯ ಬೇಡ. ಅವತ್ತು ರಾತ್ರಿ ಅವರಿಗೆ ನಿದ್ದೆ ಬರದೇ ಇರಬಹುದು, ಯಾರಾದರೂ ಜೊತೆಗಿರಿ. ಅದು ನಾಲ್ಕು ದಿನ ಹಾಗೇ ಮುಂದುವರಿದರೆ ಡಾಕ್ಟರ ಹತ್ತಿರ ಮಾತಾಡಿಸಿ, ನಾಚಿಕೆ ಪಡುವ ವಿಷಯ ಅಲ್ಲ.

ಉತ್ತರ: ಕಾಗದಪತ್ರ

ಹಳೇ ದಾಖಲೆ ಜೋಪಾನ ಮಾಡುವುದು ನನ್ನ ಕೆಲಸ, ಹಾಗಾಗಿ ಸಾಮಾನಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಆ ಆಲ್ಬಮ್. ಅಂಟಿನ ಹಾಳೆ ಫೋಟೋವನ್ನು ನಿಧಾನಕ್ಕೆ ತಿನ್ನುತ್ತದೆ. ಆದರೆ ಕಿತ್ತು ತೆಗೆಯಲು ಹೋಗಬೇಡಿ, ಹರಿದುಹೋಗುತ್ತದೆ. ಮೊದಲು ಇರುವ ಹಾಗೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬಿಡಿ ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹಗುರವಾಗಿ ಹೆಸರು ಬರೆಯಿರಿ. ಬಾಲ್‌ಪೆನ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಗುಂಪು ಫೋಟೋದಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು ಅಂತ ಈಗಲೇ ಅಪ್ಪನ ಹತ್ತಿರ ಕೇಳಿ ಬರೆದುಕೊಳ್ಳಿ. ಬೇರೆ ಎಲ್ಲ ಕೆಲಸ ಮುಂದಕ್ಕೆ ಹಾಕಿದರೂ ಇದನ್ನು ಹಾಕಬೇಡಿ. ಹೆಸರಿಲ್ಲದ ಮುಖಗಳ ಫೋಟೋ ನಾನು ದಿನಾ ನೋಡುತ್ತೇನೆ, ಹೇಳುವವರು ಯಾರೂ ಉಳಿದಿರುವುದಿಲ್ಲ.

ಕ್ಯಾಸೆಟ್ ಹಾಕಿ ಕೇಳುವ ಮೊದಲು ಅದರ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಗ ಅಪ್ಪಿತಪ್ಪಿಯೂ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಹೊಸ ರೆಕಾರ್ಡಿಂಗ್ ವೇವ್ (WAV, ಧ್ವನಿಯನ್ನು ಕುಗ್ಗಿಸದೆ ಇಡುವ) ಫೈಲ್‌ನಲ್ಲಿ ಇರಲಿ, ಕಳಿಸಲು ಬೇಕಾದರೆ ಎಂಪಿ3 ಮಾಡಿಕೊಳ್ಳಿ. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲಿಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ನೀವು ಮಾಡುತ್ತಿರುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸಿಡಿದಾಗ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹತ್ತಿ ಮತ್ತು ಮದ್ದುಗುಂಡು ಒಟ್ಟಿಗೆ ತುಂಬಿದ್ದ ಹಡಗು ಅದು. ಹತ್ತಿರದಿಂದ ನೀರು ಹೊಡೆಯುತ್ತಿದ್ದವರು ಆ ಹೊತ್ತಿನಲ್ಲಿ ಏನು ಮಾತಾಡಿಕೊಂಡರೋ, ಅದು ಅವರ ಜೊತೆಗೇ ಹೋಯಿತು. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರಂದು 343 ಜನ ಫೈರ್ ಸಿಬ್ಬಂದಿ ಸತ್ತರು. ಅಲ್ಲಿ ಇಲಾಖೆಯವರು ಅಕ್ಟೋಬರ್‌ನಲ್ಲೇ ಶುರು ಮಾಡಿ, ಬದುಕುಳಿದ ಫೈರ್‌ಮ್ಯಾನ್‌ಗಳು ಮತ್ತು ಆಂಬುಲೆನ್ಸ್ ಸಿಬ್ಬಂದಿ ಸೇರಿ 503 ಜನರ ಮಾತನ್ನು ದಾಖಲು ಮಾಡಿಕೊಂಡರು. ಕೋರ್ಟಿನಲ್ಲಿ ಹೋರಾಟ ನಡೆದು 2005ರಲ್ಲಿ ಅದೆಲ್ಲ ಜನರ ಕೈಗೆ ಸಿಕ್ಕಿತು. ಯಾವ ಮೆಟ್ಟಿಲಲ್ಲಿ ಯಾರನ್ನು ಕೊನೆಗೆ ನೋಡಿದೆ ಅನ್ನುವಂಥ ಮಾತುಗಳು ಅದರಲ್ಲಿವೆ. ಒಬ್ಬರು ಹೋಗಿ ಕೇಳಿದ್ದಕ್ಕೆ ಉಳಿದವು, ಅಲ್ವಾ?

ಉತ್ತರ: ನಿಧಾನ

ಒಂದೇ ಎಚ್ಚರಿಕೆ. ಉತ್ಸಾಹದಲ್ಲಿ ಯೂಟ್ಯೂಬ್‌ಗೆ ಹಾಕಿಬಿಡಬೇಡಿ. ಅಪ್ಪನ ಕಥೆಯಲ್ಲಿ ಬೇರೆಯವರ ಮನೆ ಸಾವೂ ಇರುತ್ತದೆ. ಸತ್ತವರ ಹೆಸರು, ವಿಳಾಸ ಬಂದರೆ ಆ ಭಾಗವನ್ನು ಬೇರೆ ಇಡಿ. ಯಾರು ಕೇಳಬಹುದು, ಯಾವಾಗ ಕೇಳಬಹುದು ಅಂತ ಅಪ್ಪನ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ.

ಕೇಳಿದವರು: ಮಗಳು_71

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಫ್ಯಾನ್ ಆಫ್ ಮಾಡಿ, ಟವೆಲ್ ಮೇಲೆ ಫೋನ್ ಇಟ್ಟು, ಹೆಲ್ಮೆಟ್ ಕೈಗೆ ಕೊಟ್ಟು ಸುಮ್ಮನೆ ಕೂತೆ.

ಅಪ್ಪ ಅದನ್ನು ಬೋರಲು ಹಾಕಿ, ಒಳಗಿನ ಚರ್ಮದ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಪಟ್ಟಿ ಒಂದು ಕಡೆ ಸುಟ್ಟು ಮುರುಟಿಕೊಂಡಿದೆ, ನಾನು ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. "ಇದು ಗೋಡೌನಿಂದು" ಅಂದರು. ಆಮೇಲೆ ಒಂದೂವರೆ ಗಂಟೆ ನಿಲ್ಲಿಸಲೇ ಇಲ್ಲ.

ಟ್ಯಾಂಕಿನಲ್ಲಿ 4,500 ಲೀಟರ್ ನೀರು. ನಿಮಿಷಕ್ಕೆ 450 ಲೀಟರ್ ಹೋದರೆ ಹತ್ತೇ ನಿಮಿಷ. ಎರಡನೇ ಗಾಡಿ ಇನ್ನೂ ಬಂದಿರಲಿಲ್ಲ. ಅಪ್ಪ ಮತ್ತು ಇನ್ನೊಬ್ಬರು ಒಳಗೆ, ಅಂಕಲ್ ಹೊರಗೆ ಪಂಪ್ ಹತ್ತಿರ. ಗಾಡಿ ಪಕ್ಕದ ಗೋಡೆ ಬಿರುಕು ಬಿಟ್ಟು ಇಟ್ಟಿಗೆ ಉದುರೋಕೆ ಶುರುವಾಗಿತ್ತಂತೆ. ಗಾಡಿ ಹಿಂದಕ್ಕೆ ತಗೋ ಅಂತ ಎಲ್ಲರೂ ಕೂಗುತ್ತಿದ್ದರಂತೆ. ಗಾಡಿ ತೆಗೆದರೆ ಒಳಗಿದ್ದವರಿಗೆ ನೀರು ನಿಲ್ಲುತ್ತದೆ. ಅಂಕಲ್ ಒಂದು ಕೈ ಥ್ರಾಟಲ್ ಮೇಲಿಟ್ಟುಕೊಂಡು ಗೇಜ್ ನೋಡುತ್ತಾ ಅಲ್ಲೇ ನಿಂತಿದ್ದರು. ಇವರಿಬ್ಬರೂ ಹೊರಗೆ ಬಂದ ಮೇಲೇ ಗಾಡಿ ಸರಿಸಿದ್ದು.

ಡೈರಿ ತೆಗೆದು ಆ ತಾರೀಖು ನೋಡಿದೆ. "ಗೋಡೌನ್. 2 ಗಾಡಿ. ಗಾಯ ಇಲ್ಲ" ಅಂತ ಮಾತ್ರ ಇದೆ.

ಕೊನೆಗೆ ಅಪ್ಪ ಫೋನ್ ಕಡೆ ಬಗ್ಗಿ, ಕಿವಿ ಮಂದ ಇರುವವರು ಮಾತಾಡುವ ಹಾಗೆ ಜೋರಾಗಿ, ಅಂಕಲ್ ಹೆಸರು ಎರಡು ಸಲ ಹೇಳಿದರು. "ಅವನು ಪಂಪ್ ಬಿಟ್ಟು ಕದಲಲಿಲ್ಲ ಅಂತ ಬರ್ಕೋ" ಅಂದರು. ಬರೆದುಕೊಂಡಿದ್ದೇನೆ. ಅಂಕಲ್ ಮಗನಿಗೆ ಫೋನ್ ಮಾಡಿದೆ, ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಭಾನುವಾರ ಬರುತ್ತಾನೆ, ಅವನ ಅಪ್ಪನ ಫೋಟೋಗಳನ್ನೂ ತರುತ್ತಾನಂತೆ. ಪೆನ್ಸಿಲ್ ತಂದಿಟ್ಟಿದ್ದೇನೆ.