ಅರ್ಧ ಇಂಚಿನ ಪೈಪಿನಲ್ಲಿ ಅರ್ಧ ಇಂಚು ಎಲ್ಲಿದೆ?

ಪ್ರಶ್ನೆ: ನಲ್ಲಿ ಜೋಡಣೆಯ ಕೈಪಿಡಿಯೊಂದು ಅನುವಾದವಾಗುತ್ತಿದೆ. ಮೂಲದಲ್ಲಿ ‘ಜಿ ½’ ಥ್ರೆಡ್ (ತಿರುಗಿಸಿ ಕೂರಿಸುವ ಹಲ್ಲು) ಎಂದಿದೆ. ಇದು ‘ಅರ್ಧ ಅಂಗುಲ’ವೋ, ‘ಅರ್ಧ ಇಂಚೋ’, ಲೆಕ್ಕ ಹಾಕಿ ‘12.7 ಮಿ.ಮೀ.’ ಎಂದು ಬರೆಯಬೇಕೋ? ಅದೇ ಅಳತೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಪಟ್ಟಿಯಲ್ಲಿ 15 ಎಂದು ಬೇರೆ ಇದೆ.

ಉತ್ತರ: 12.7 ಮಾತ್ರ ಬೇಡವೇ ಬೇಡ. ಆ ಪೈಪನ್ನು ಎಲ್ಲಿ ಅಳೆದರೂ ಆ ಸಂಖ್ಯೆ ಸಿಗುವುದಿಲ್ಲ. ಜಿಐ ಪೈಪಿನ ಹೊರವ್ಯಾಸ ಸುಮಾರು 21.3 ಮಿ.ಮೀ. ಮೀಡಿಯಂ ದರ್ಜೆಯದಾದರೆ ಗೋಡೆಯ ದಪ್ಪ 2.6, ಒಳಗೆ ಉಳಿಯುವುದು 16ರ ಆಸುಪಾಸು. ಜಿ ½ ಥ್ರೆಡ್ಡಿನ ಹೊರವ್ಯಾಸ 20.955. ಹಳೆಯ ದಪ್ಪ ಗೋಡೆಯ ಕಬ್ಬಿಣದ ಪೈಪುಗಳಲ್ಲಿ ಅರ್ಧ ಇಂಚು ಎಂದರೆ ಒಳರಂಧ್ರ. ಗೋಡೆ ತೆಳುವಾದಾಗ ರಂಧ್ರ ಹಿಗ್ಗಿತು. ಹಳೆಯ ಜೋಡಣೆಗಳಿಗೆ ಕೂರಬೇಕಾದ್ದರಿಂದ ಹೊರ ಅಳತೆಯನ್ನು ಯಾರೂ ಮುಟ್ಟಲಿಲ್ಲ. ಹೀಗೆ ಅಳತೆ ಹೋಗಿ ಹೆಸರು ಉಳಿಯಿತು. ಪಟ್ಟಿಯ 15 ಎಂಬುದೂ ಮಿ.ಮೀ. ಅಳತೆಯಲ್ಲ, ಹೆಸರೇ. ಐಎಸ್‌ಒ 228 ಎಂಬ ಅಂತರರಾಷ್ಟ್ರೀಯ ಥ್ರೆಡ್ ಮಾನದಂಡದಲ್ಲಿ ‘ಜಿ ½’ ಎಂದಷ್ಟೇ ಇದೆ, ಮುಂದೆ ಇಂಚಿನ ಗುರುತೂ ಇಲ್ಲ.

ಆ ‘ಜಿ’ ಅಕ್ಷರವನ್ನು ದಯವಿಟ್ಟು ಬಿಡಬೇಡಿ. ಜಿ ಎಂದರೆ ನೇರ ಥ್ರೆಡ್, ನೀರು ತಡೆಯುವುದು ವಾಷರ್. ‘ಆರ್’ ಎಂದರೆ ಓರೆ ಥ್ರೆಡ್, ಅಲ್ಲಿ ಟೆಫ್ಲಾನ್ ಟೇಪು ಸುತ್ತಿ ಥ್ರೆಡ್ಡಿನಲ್ಲೇ ಬಿಗಿ ಮಾಡಬೇಕು. ಬರೀ ‘ಅರ್ಧ ಇಂಚು’ ಎಂದರೆ ಅಮೆರಿಕದ ಎನ್‌ಪಿಟಿ ಪೈಪ್ ಥ್ರೆಡ್ಡೂ ಆಗಬಹುದು. ಜಿ, ಆರ್ ಎರಡೂ ನಮ್ಮಲ್ಲಿ ಬಳಕೆಯಲ್ಲಿರುವ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್ಡುಗಳು. ಬಿಎಸ್‌ಪಿ, ಎನ್‌ಪಿಟಿ ಎರಡರಲ್ಲೂ ಇಂಚಿಗೆ 14 ಸುತ್ತು, ಆದರೆ ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಒಂದಕ್ಕೆ ಇನ್ನೊಂದನ್ನು ತಿರುಗಿಸಿದರೆ ಮೊದಲ ಸುತ್ತುಗಳು ಸಲೀಸಾಗಿ ಹೋಗುತ್ತವೆ, ಕೂತಂತೆಯೂ ಕಾಣುತ್ತದೆ. ನೀರು ಬಿಟ್ಟ ಮೇಲೆ ಹಲ್ಲುಗಳ ಸಂದಿನಲ್ಲಿ ಜಿನುಗುತ್ತದೆ. ಇನ್ನಷ್ಟು ಬಿಗಿ ಮಾಡಿದರೆ ಪ್ಲಾಸ್ಟಿಕ್ ಫಿಟಿಂಗ್ ಬಿರುಕು ಬಿಡುತ್ತದೆ. ಆದ್ದರಿಂದ ‘ಅರ್ಧ ಇಂಚಿನ ಬಿಎಸ್‌ಪಿ ನೇರ ಥ್ರೆಡ್ (ಜಿ ½)’ ಎಂದು ಪೂರ್ತಿ ಬರೆಯಿರಿ.

ಇನ್ನು ಅಂಗುಲ. ಪಠ್ಯಪುಸ್ತಕಗಳು 12 ಅಂಗುಲಕ್ಕೆ ಒಂದು ಅಡಿ ಎಂದು ಕಲಿಸಿ ಇದನ್ನು ಇಂಚಿಗೆ ಸಮ ಮಾಡಿಬಿಟ್ಟವು. ಹಳೆಯ ಲೆಕ್ಕದಲ್ಲಿ ಅಂಗುಲ ಬೆರಳಿನ ಅಗಲ: 12 ಅಂಗುಲ ಒಂದು ಗೇಣು, 24 ಅಂಗುಲ ಒಂದು ಮೊಳ. ಮೊಳ ಒಂದೂವರೆ ಅಡಿ, ಅಂದರೆ ಅಂಗುಲ ಸುಮಾರು ಮುಕ್ಕಾಲು ಇಂಚು. ಅಂಗುಲವೇ ಇಂಚಾದರೆ ಮೊಳ ಎರಡಡಿಯಾಗುತ್ತದೆ, ಹೂ ಮಾರುವವರೂ ಒಪ್ಪುವುದಿಲ್ಲ! ಶಿಲ್ಪಶಾಸ್ತ್ರದ ಅಂಗುಲವನ್ನು ಅಲ್ಲಿಗೇ ಬಿಟ್ಟು, ತಾಂತ್ರಿಕ ಬರಹದಲ್ಲಿ ಇಂಚು ಎಂದೇ ಬರೆಯುವುದು ನನಗೆ ಸರಿ ಕಾಣುತ್ತದೆ.

ಪರಿವರ್ತನೆ ಯಾವಾಗ ಎಂದರೆ, ವರ್ನಿಯರ್ ಅಳತೆಗೋಲು ಹಿಡಿದಾಗ ಆ ಇಂಚು ನಿಜವಾಗಿ ಸಿಗುವಾಗ. ಸರ್ಕ್ಯೂಟ್ ಬೋರ್ಡಿನ ಪಿನ್ನುಗಳ ಅಂತರ 0.1 ಇಂಚು ನಿಜದ ಅಳತೆ. 1959ರ ಒಪ್ಪಂದದಿಂದ ಇಂಚು ಕರಾರುವಾಕ್ಕಾಗಿ 25.4 ಮಿ.ಮೀ., ಹಾಗಾಗಿ 2.54 ಎಂದು ಬರೆಯಬಹುದು. 2.5 ಎಂದು ದುಂಡಗೆ ಮಾಡಿದರೆ 20 ಪಿನ್ನುಗಳ ಸಾಲಿನ ಕೊನೆಯಲ್ಲಿ 0.76 ಮಿ.ಮೀ. ತಪ್ಪಿ, ಪಿನ್ನು ರಂಧ್ರಕ್ಕೆ ಇಳಿಯುವುದಿಲ್ಲ. ಕ್ಯಾಮೆರಾದ ‘1 ಇಂಚಿನ ಸೆನ್ಸರ್’ ಮಾತ್ರ ಮತ್ತೆ ಪೈಪಿನ ಕಥೆಯೇ. ಅದು ಹಳೆಯ ವಿಡಿಯೊ ಟ್ಯೂಬಿನ ಹೊರವ್ಯಾಸದಿಂದ ಬಂದ ಹೆಸರು. ಸೆನ್ಸರ್ ಇರುವುದು 13.2 × 8.8 ಮಿ.ಮೀ. ಅದನ್ನು ‘25.4 ಮಿ.ಮೀ. ಸೆನ್ಸರ್’ ಎಂದು ಬರೆಯಬೇಡಿ.